ದುಡಿಯುವವರ ಬಿಡುವಿಗಾಗಿ ದುಡಿದ ನಾ. ಮ. ಜೋಶಿ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ನಾ. ಮ. ಜೋಶಿ ಮಾರ್ಗದ ಹೆಸರನ್ನು ಕೇಳದವರು ವಿರಳ. ಘಾಟ್ಕೋಪರದಿಂದ ಲೋಕಲ್ ಹಿಡಿದು ಕರಿ ರೋಡಿನಲ್ಲಿ ಇಳಿದು ಪಶ್ಚಿಮಕ್ಕೆ ನಡೆದರೆ ಆ ಮಾರ್ಗ ಸಿಗುತ್ತದೆ. ಹಳಬರು ಅದನ್ನು ಇಂದಿಗೂ ಡಿಲಾಯಿಲ್ ರೋಡೆಂದೇ ಕರೆಯುತ್ತಾರೆ. ಅಲ್ಲಿಯ ಬಿ. ಡಿ. ಡಿ. ಚಾಳುಗಳಲ್ಲಿ ಗಿರಣಿ ಕಾಮಗಾರರ ಎಷ್ಟೋ ತಲೆಮಾರುಗಳು ಹುಟ್ಟಿ ಬೆಳೆದವು. ಆದರೆ ಆ ಮಾರ್ಗಕ್ಕೆ ಹೆಸರು ಕೊಟ್ಟ ಜೋಶಿಯವರು ಯಾರು, ಏನು ಮಾಡಿದರು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತೇವೆ. ಮಹಾಪುರುಷರು ರಸ್ತೆಯ ಹಲಗೆಯ ಮೇಲಿನ ಅಕ್ಷರಗಳಾಗಿ ಉಳಿದುಬಿಡುವುದು ಎಲ್ಲ ಪಟ್ಟಣಗಳ ರೂಢಿ. ನಾವು ವರ್ಷಕ್ಕೊಮ್ಮೆ ಸಂಬಳ ಸಹಿತ ರಜೆ ಪಡೆದು ಊರಿಗೆ ಹೋಗುತ್ತೇವೆ. ನಮ್ಮ ಹೆಣ್ಣುಮಕ್ಕಳು ಕೆಲಸ ಕಳೆದುಕೊಳ್ಳದೆ ಬಾಣಂತನ ಮುಗಿಸಿ ಮರಳುತ್ತಾರೆ. ಈ ಎರಡು ಹಕ್ಕುಗಳ ಬೇರನ್ನು ಹುಡುಕುತ್ತ ಹೋದವರಿಗೆ ಜೋಶಿಯವರ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಆದುದರಿಂದ ಅವರ ಜೀವನವನ್ನು ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ನಿರೂಪಿಸುವುದು ಅಪ್ರಸ್ತುತವಾಗಲಾರದು.

ನಾರಾಯಣ ಮಲ್ಹಾರ ಜೋಶಿಯವರು 1879ನೆಯ ಇಸವಿ ಜೂನ್ 5ರಂದು ಕೊಲಾಬಾ ಜಿಲ್ಲೆಯ ಗೋರೆಗಾಂವದಲ್ಲಿ ಜನಿಸಿದರು. ಈ ಗೋರೆಗಾಂವ ನಮ್ಮ ಉಪನಗರದ ಗೋರೆಗಾಂವವಲ್ಲ; ಕೊಂಕಣದಲ್ಲಿ, ಈಗಿನ ರಾಯಗಡ ಜಿಲ್ಲೆಯಲ್ಲಿರುವ ಒಂದು ಊರು. ಪುಣೆಯಲ್ಲಿ ವಿದ್ಯಾಭ್ಯಾಸ ನಡೆಸಿ, ಡೆಕ್ಕನ್ ಕಾಲೇಜಿನಿಂದ 1901ರಲ್ಲಿ ಪದವಿ ಪಡೆದರು. ಅನಂತರ ಸುಮಾರು ಎಂಟು ವರ್ಷ ಶಾಲಾ ಉಪಾಧ್ಯಾಯರಾಗಿದ್ದರು. ಪಾಠ ಹೇಳುವವನ ತಾಳ್ಮೆ ಮತ್ತು ಲೆಕ್ಕ ತಪ್ಪದ ಬುದ್ಧಿ ಅವರಲ್ಲಿ ಕೊನೆಯವರೆಗೂ ಉಳಿದುವು. ಸಭೆಯನ್ನು ರಂಜಿಸುವ ವಾಗ್ಮಿತೆ ಅವರದಲ್ಲ. ಅಂಕಿಗಳನ್ನು ಒಂದೊಂದಾಗಿ ಮುಂದಿಟ್ಟು, ಎದುರಾಳಿ ಒಪ್ಪದಿದ್ದರೆ ಮರುವರ್ಷ ಮತ್ತೆ ಅದನ್ನೇ ಮುಂದಿಡುವುದು ಅವರ ಪದ್ಧತಿ.

1909ರಲ್ಲಿ ಅವರು ಗೋಪಾಲಕೃಷ್ಣ ಗೋಖಲೆಯವರ ಭಾರತ ಸೇವಕ ಸಮಾಜವನ್ನು ಸೇರಿದರು. ಈ ಸಮಾಜವನ್ನು ಗೋಖಲೆಯವರು 1905ರಲ್ಲಿ ಸ್ಥಾಪಿಸಿದ್ದರು. ಅದರ ಸದಸ್ಯನಾದವನು ಅಲ್ಪ ಜೀವನಾಂಶದಿಂದ ತೃಪ್ತಿಪಟ್ಟು ಬದುಕೆಲ್ಲ ಸಾರ್ವಜನಿಕ ಸೇವೆಗೆ ಮುಡಿಪಾಗಿರಬೇಕು. ಗೋಖಲೆಯವರ ಹೆಸರು ಕನ್ನಡಿಗರಿಗೆ ಹೊಸದಲ್ಲ. ನಮ್ಮ ಡಿ. ವಿ. ಜಿ. ಯವರು 1945ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾರ್ವಜನಿಕ ವಿಚಾರ ಸಂಸ್ಥೆಗೆ ಇಟ್ಟದ್ದು ಅದೇ ಗುರುವಿನ ಹೆಸರನ್ನು. ಬೆಂಗಳೂರಿನಲ್ಲಿ ಗೋಖಲೆ ಮಾರ್ಗವು ರಾಜ್ಯಶಾಸ್ತ್ರದ ಬೋಧನೆಯಾಗಿ ಅರಳಿತು. ಮುಂಬಯಿಯಲ್ಲಿ ಜೋಶಿಯವರ ಕೈಯಲ್ಲಿ ಅದು ಚಾಳುಗಳ ಓಣಿಗೆ ಇಳಿಯಿತು.

1911ರಲ್ಲಿ ಜೋಶಿಯವರು ಮುಂಬಯಿಯಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಎಂಬ ಸಂಸ್ಥೆಯನ್ನು ಕಟ್ಟಿದರು. ಗಿರಣಿಗಾಂವದ ಕಾಮಗಾರರಿಗೆ ರಾತ್ರಿ ಶಾಲೆ, ವಾಚನಾಲಯ, ಪೆಟ್ಟಿಗೆಯಲ್ಲಿ ಪುಸ್ತಕಗಳನ್ನು ತುಂಬಿ ಓಣಿ ಓಣಿಗೆ ಒಯ್ಯುವ ಸಂಚಾರಿ ಗ್ರಂಥಾಲಯ, ಔಷಧಾಲಯ, ಸಹಕಾರಿ ಪತ್ತಿನ ಸಂಘ ಇವೆಲ್ಲ ಅದರ ಕಾರ್ಯಗಳು. ಪರಳದ ದಾಮೋದರ ಹಾಲ್ ಆ ಸಂಸ್ಥೆಯ ನೆನಪನ್ನು ಹೊತ್ತು ನಿಂತಿತು. ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದ ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕೋಟೆ ವಿಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತರೆಂಬುದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ಶಾಲೆಗಳನ್ನು ಕಟ್ಟಿದವರು ನಮ್ಮವರೇ. ಆದರೆ ದುಡಿಯುವವನಿಗೂ ಓದುವ ಹಕ್ಕಿದೆ, ಅದಕ್ಕೆ ಸಂಜೆಯ ಹೊತ್ತು ಬಿಡುವು ಬೇಕು ಎಂಬ ಭಾವನೆ ಆ ಕಾಲದ ಮುಂಬಯಿಯ ಗಾಳಿಯಲ್ಲಿ ಹರಡಲು ಲೀಗಿನಂಥ ಸಂಸ್ಥೆಗಳೂ ಕಾರಣವಾದವು.

ಬಿಡುವೆಂಬುದು ಆ ದಿನಗಳಲ್ಲಿ ಎಷ್ಟು ದುರ್ಲಭವಾಗಿತ್ತೆಂಬುದನ್ನು ಈಗಿನ ತರುಣರು ಊಹಿಸುವುದು ಕಷ್ಟ. ಗಿರಣಿಗಳಿಗೆ ಭಾನುವಾರದ ರಜೆ ದೊರಕಿದ್ದೇ 1890ರಲ್ಲಿ. ಅದಕ್ಕಾಗಿ ಹೋರಾಡಿದವರು ಮಹಾತ್ಮಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆಯವರು. ಮುಂದಿನ ವರ್ಷ, 1891ರ ಕಾಯದೆಯು ವಾರದ ರಜೆಯನ್ನು ಕಾರ್ಖಾನೆಗಳಿಗೆ ಕಟ್ಟಳೆ ಮಾಡಿತು. ಆದರೆ ಆ ರಜೆಗೆ ಪಗಾರವಿರಲಿಲ್ಲ; ಕೆಲಸ ಮಾಡಿದ ದಿನಕ್ಕೆ ಮಾತ್ರ ಕೂಲಿ. ಜ್ವರ ಬಂದರೆ ಕೂಲಿ ಹೋಯಿತು. ಊರಿಗೆ ಹೋದರೆ ಕೂಲಿಯೂ ಹೋಯಿತು, ಕೆಲಸವೂ ಹೋಯಿತು; ಮರಳಿ ಬಂದವನು ಜಾಬರನ ಕೈ ಬೆಚ್ಚಗೆ ಮಾಡಿ ಬದಲಿಯಾಗಿ ಮತ್ತೆ ಬಾಗಿಲಲ್ಲಿ ನಿಲ್ಲಬೇಕು.

ಹೆಂಗಸರ ಪಾಡಂತೂ ಇನ್ನೂ ಕಠಿಣ. 1920ರ ಸುಮಾರಿಗೆ ಮುಂಬಯಿಯ ಹತ್ತಿ ಗಿರಣಿಗಳ ಕೆಲಸಗಾರರಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಸ್ತ್ರೀಯರಿದ್ದರು. ನೂಲು ಸುತ್ತುವ, ಲಡಿ ಮಾಡುವ ಖಾತೆಗಳಲ್ಲಿ ಅವರದೇ ಕೆಲಸ. ಹೆರಿಗೆಯ ದಿನದವರೆಗೂ ದುಡಿದು, ಮೈ ಗಟ್ಟಿಯಾಗುವ ಮೊದಲೇ ಮರಳಿ ಬರುವವರು ಕಡಿಮೆಯಿರಲಿಲ್ಲ. ಮುಂಬಯಿ ಸರಕಾರದ ಕಾರ್ಮಿಕ ಕಚೇರಿಯ ಪರವಾಗಿ ಡಾಕ್ಟರ್ ಬಾರ್ನ್ಸ್ ಎಂಬ ವೈದ್ಯೆ ಈ ಹೆಂಗಸರ ಸ್ಥಿತಿಯನ್ನು ಪರೀಕ್ಷಿಸಿ 1922ರಲ್ಲಿ ವರದಿ ಒಪ್ಪಿಸಿದರು. ತಾಯಿ ಕೆಲಸಕ್ಕೆ ಹೋದಾಗ ಕೂಸು ಅಳದೆ ಮಲಗಿರಲೆಂದು ಅಫೀಮಿನ ಗುಳಿಗೆ ತಿನ್ನಿಸುವ ಪದ್ಧತಿ ಎಷ್ಟು ವ್ಯಾಪಕವಾಗಿತ್ತೆಂಬುದು ಆ ವರದಿಯಿಂದ ಲೋಕಕ್ಕೆ ತಿಳಿಯಿತು. 1921ರಲ್ಲಿ ಮುಂಬಯಿಯ ದಾಖಲೆಗಳಲ್ಲಿ ಸಾವಿರ ಶಿಶುಗಳಿಗೆ ಆರುನೂರಕ್ಕೂ ಮೀರಿದ ಮರಣಸಂಖ್ಯೆ ಕಾಣುತ್ತದೆ. ಅನೇಕ ಜನನಗಳು ಹಳ್ಳಿಯಲ್ಲಿ ಆಗಿ ಇಲ್ಲಿ ನೋಂದಣಿಯಾಗದೆ ಇದ್ದುದರಿಂದ ಈ ಸಂಖ್ಯೆ ಇದ್ದುದಕ್ಕಿಂತ ದೊಡ್ಡದಾಗಿ ತೋರುತ್ತದೆಂಬುದು ನಿಜ. ಆದರೂ ಅದು ಎದೆ ನಡುಗಿಸುವ ಸಂಖ್ಯೆಯೇ ಸರಿ.

ಇಂಥ ಕಾಲದಲ್ಲಿ, 1919ರಲ್ಲಿ, ಮೊದಲನೆಯ ಮಹಾಯುದ್ಧ ಮುಗಿದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿತು. ಅದರ ಪ್ರಥಮ ಸಮ್ಮೇಳನ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ನೆರೆಯಿತು. ಭಾರತದ ಕಾರ್ಮಿಕರ ಪ್ರತಿನಿಧಿಯಾಗಿ ಜೋಶಿಯವರು ಅಲ್ಲಿಗೆ ಹೋದರು. ಆ ಸಮ್ಮೇಳನವು ಹೆರಿಗೆಗೆ ಮುಂಚೆ ಆರು ವಾರ, ಹೆರಿಗೆಯ ಅನಂತರ ಆರು ವಾರ ರಜೆ, ಆ ಅವಧಿಯಲ್ಲಿ ತಾಯಿ-ಮಗುವಿನ ಪೋಷಣೆಗೆ ಹಣ ಎಂಬ ಒಪ್ಪಂದವನ್ನು ಅಂಗೀಕರಿಸಿತು. ಆದರೆ ಭಾರತವನ್ನು ಅದರ ಕಟ್ಟಿನಿಂದ ಹೊರಗಿಡಲಾಯಿತು. ವಿಷಯವನ್ನು ಅಭ್ಯಾಸ ಮಾಡಿ ವರದಿ ಕೊಡುವಂತೆ ಭಾರತ ಸರಕಾರಕ್ಕೆ ಸೂಚಿಸಿ ಕೈತೊಳೆದುಕೊಂಡರು. ಕೆಲಸದ ಗಂಟೆಗಳ ವಿಷಯದಲ್ಲಿಯೂ ಹಾಗೆಯೇ ಆಯಿತು. ಸಾಮಾನ್ಯ ನಿಯಮ ವಾರಕ್ಕೆ 48 ಗಂಟೆ, ಭಾರತಕ್ಕೆ 60 ಗಂಟೆ. ಒಂದೇ ಮೇಜಿನ ಸುತ್ತ ಕುಳಿತು ಬೇರೆ ದೇಶಗಳ ತಾಯಂದಿರಿಗೆ ಒಂದು ನ್ಯಾಯ, ತನ್ನ ದೇಶದ ತಾಯಂದಿರಿಗೆ ಇನ್ನೊಂದು ನ್ಯಾಯವಾದುದನ್ನು ಜೋಶಿಯವರು ಕಂಡು ಬಂದರು. ಮುಂದಿನ ಕಾಲು ಶತಮಾನದ ಅವರ ದುಡಿಮೆಯೆಲ್ಲ ಈ ಅಂತರವನ್ನು ಇಂಚಿಂಚಾಗಿ ಕಡಿಮೆ ಮಾಡುವುದಕ್ಕೇ ಸಂದಿತೆನ್ನಬಹುದು.

ಅವರನ್ನು ವಾಷಿಂಗ್ಟನ್ನಿಗೆ ಕಳುಹಿಸಿದ್ದು ಕಾರ್ಮಿಕರಲ್ಲ, ಸರಕಾರ. ಕಾರ್ಮಿಕರ ಪರವಾಗಿ ಮಾತಾಡುವವನನ್ನು ಕಾರ್ಮಿಕರೇ ಆರಿಸಬೇಕೆಂಬ ಕೂಗು ಎದ್ದಿತು. ಅದು ನ್ಯಾಯವಾದ ಕೂಗೇ ಆಗಿತ್ತು. ಆ ಆರಿಸುವ ಕೆಲಸಕ್ಕೆ ಒಂದು ರಾಷ್ಟ್ರೀಯ ಸಂಘಟನೆ ಬೇಕಾಯಿತು. 1920ನೆಯ ಇಸವಿ ಅಕ್ಟೋಬರ್ 31ರಂದು ಮುಂಬಯಿಯಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಜನ್ಮ ತಾಳಿತು. ಅದರ ಸ್ಥಾಪಕರಲ್ಲಿ ಜೋಶಿಯವರೂ ಒಬ್ಬರು. ಮುಂದೆ 1925ರಿಂದ 1929ರವರೆಗೆ ಅವರು ಅದರ ಪ್ರಧಾನ ಕಾರ್ಯದರ್ಶಿಯಾದರು.

1921ರಲ್ಲಿ ಜೋಶಿಯವರು ಕೇಂದ್ರ ಶಾಸನಸಭೆಗೆ ಕಾರ್ಮಿಕರ ಪ್ರತಿನಿಧಿಯಾಗಿ ನಾಮಕರಣಗೊಂಡರು. ಸುಮಾರು ಇಪ್ಪತ್ತೈದು ವರ್ಷ ಆ ಸ್ಥಾನದಲ್ಲಿದ್ದು ದುಡಿದರು. ಅದೇ ವರ್ಷ ಅವರು ಕಾರ್ಮಿಕ ಸಂಘಗಳಿಗೆ ಕಾಯದೆಯ ರಕ್ಷಣೆ ಬೇಕೆಂಬ ಗೊತ್ತುವಳಿಯನ್ನು ತಂದರು. ಅದು ಫಲಿಸಿ 1926ರ ಟ್ರೇಡ್ ಯೂನಿಯನ್ ಕಾಯದೆಯಾಗಿ ಬಂದಿತು. 1923ರಲ್ಲಿ ಅಪಘಾತಕ್ಕೊಳಗಾದ ಕೆಲಸಗಾರರಿಗೆ ಪರಿಹಾರ ಕೊಡುವ ಕಾಯದೆಯಾಯಿತು. ಇವುಗಳ ಹಿಂದೆಲ್ಲ ಅವರ ಒತ್ತಾಯ, ಅವರ ತಿದ್ದುಪಡಿಗಳು, ಅವರ ಅಂಕಿ-ಅಂಶಗಳು ಇದ್ದುವು.

1924ರ ಸೆಪ್ಟೆಂಬರಿನಲ್ಲಿ ಜೋಶಿಯವರು ಶಾಸನಸಭೆಯಲ್ಲಿ ಒಂದು ಮಸೂದೆಯನ್ನು ಮಂಡಿಸಿದರು. ಕಾರ್ಖಾನೆ, ಗಣಿ ಮತ್ತು ಚಹಾ ತೋಟಗಳಲ್ಲಿ ದುಡಿಯುವ ಹೆಂಗಸರಿಗೆ ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ಕೆಲಸದಿಂದ ಬಿಡುವು, ಬಿಡುವಿನ ಕಾಲಕ್ಕೆ ಹಣದ ಸಹಾಯ: ಇದು ಅದರ ಸಾರ. ಇಡೀ ಭಾರತಕ್ಕೆ ಅನ್ವಯಿಸುವ ಇಂಥ ಮಸೂದೆ ಹಿಂದೆಂದೂ ಬಂದಿರಲಿಲ್ಲ. ಸರಕಾರ ಅದನ್ನು ವಿರೋಧಿಸಿತು. ಹೆಂಗಸರು ಹೆರಿಗೆಗೆ ತಾವಾಗಿಯೇ ಹಳ್ಳಿಗೆ ಹೋಗುತ್ತಾರೆ, ಲೇಡಿ ಡಾಕ್ಟರುಗಳು ಸಾಕಷ್ಟಿಲ್ಲ, ಇಂಥ ಕಾಯದೆಯನ್ನು ಯಾರೂ ಕೇಳಿಲ್ಲ, ಕೆಲವು ಗಿರಣಿಗಳು ತಾವಾಗಿಯೇ ಸಹಾಯ ಕೊಡುತ್ತಿವೆ ಎಂಬಿವೇ ಮುಂತಾದುವು ವಿರೋಧದ ಕಾರಣಗಳು. 1925ರಲ್ಲಿ ಮಸೂದೆ ಬಿದ್ದುಹೋಯಿತು.

ಹೆಂಗಸರು ಹೆರಿಗೆಗೆ ಊರಿಗೆ ಹೋಗುತ್ತಾರೆಂಬ ವಾದವನ್ನು ನಾವು ಸ್ವಲ್ಪ ನಿಂತು ಯೋಚಿಸಬೇಕು. ಅದು ಸುಳ್ಳಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಕನ್ನಡ ಮನೆಗಳಲ್ಲಿಯೂ ಸಂಪ್ರದಾಯ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆದೊಯ್ದು, ಎಣ್ಣೆ-ನೀರು, ಕಾಯ ಎಲ್ಲ ನಡೆಸಿ, ಮೂರು ನಾಲ್ಕು ತಿಂಗಳಾದ ಮೇಲೆ ಕೂಸಿನೊಂದಿಗೆ ಕಳುಹಿಸಿಕೊಡುವುದು ನಮಗೆ ಗೊತ್ತಿದ್ದದ್ದೇ. ಆದರೆ ತವರು ಬಾಣಂತಿಯನ್ನು ನೋಡಿಕೊಳ್ಳುತ್ತದೆಂಬ ಮಾತ್ರಕ್ಕೆ ಆ ತಿಂಗಳುಗಳ ಕೂಲಿ ಎಲ್ಲಿಂದ ಬರಬೇಕು? ಪ್ರಯಾಣದ ಖರ್ಚಿಗೆ ಯಾರ ಹತ್ತಿರ ಸಾಲ ಮಾಡಬೇಕು? ಮರಳಿ ಬಂದಾಗ ಆ ಕೆಲಸ ಅವಳಿಗಾಗಿ ಕಾದಿರುತ್ತದೆಯೆ? ತವರು ಕೊಡುವುದು ಪ್ರೀತಿ. ಕಾಯದೆ ಕೊಡಬೇಕಾದುದು ಹಕ್ಕು. ಒಂದಿದೆಯೆಂದು ಇನ್ನೊಂದನ್ನು ನಿರಾಕರಿಸುವುದು ನ್ಯಾಯವಲ್ಲವೆಂಬುದೇ ಆ ಮಸೂದೆಯ ತಿರುಳು.

ಸೋತ ಮಸೂದೆ ವ್ಯರ್ಥವಾಗಲಿಲ್ಲ. ದಿಲ್ಲಿಯಲ್ಲಿ ಮುಚ್ಚಿದ ಬಾಗಿಲು ಮುಂಬಯಿಯಲ್ಲಿ ತೆರೆಯಿತು. 1928ರಲ್ಲಿ ಮುಂಬಯಿಯ ಶಾಸನ ಪರಿಷತ್ತಿನಲ್ಲಿ ಆಸವಲೆಯವರು ಹೆರಿಗೆ ಸಹಾಯದ ಮಸೂದೆಯನ್ನು ತಂದರು. ಡಾಕ್ಟರ್ ಬಾಬಾಸಾಹೇಬ ಅಂಬೇಡಕರರು ಅದನ್ನು ಸಮರ್ಥಿಸಿ ಮಾತಾಡಿದರು. ತಾಯಿಗೆ ವಿಶ್ರಾಂತಿ ದೊರಕುವುದು ರಾಷ್ಟ್ರದ ಹಿತವೇ ಆದುದರಿಂದ ಸರಕಾರವೂ ಭಾರ ಹೊರುವುದು ನ್ಯಾಯ. ಆದರೂ ಹೆಂಗಸರ ದುಡಿಮೆಯಿಂದ ಲಾಭ ಪಡೆಯುವ ಧಣಿಯು ತನ್ನ ಹೊಣೆಯಿಂದ ನುಣುಚಿಕೊಳ್ಳಲಾಗದು ಎಂಬುದು ಅವರ ವಾದದ ಧೋರಣೆ. 1929ರಲ್ಲಿ ಕಾಯದೆ ಆಯಿತು. ಆರು ತಿಂಗಳು ಕೆಲಸ ಮಾಡಿದ ಹೆಂಗಸಿಗೆ ಹೆರಿಗೆಗೆ ಮುಂಚೆ ಮೂರು, ಅನಂತರ ನಾಲ್ಕು, ಹೀಗೆ ಒಟ್ಟು ಏಳು ವಾರದ ಬಿಡುವು. ದಿನಕ್ಕೆ ಎಂಟಾಣೆಯಂತೆ ಹಣ. ವಾಷಿಂಗ್ಟನ್ನಿನ ಹನ್ನೆರಡು ವಾರಕ್ಕೆ ಹೋಲಿಸಿದರೆ ಇದು ಅಲ್ಪ. ಆದರೆ ಭಾರತದಲ್ಲಿ ಹೆರಿಗೆ ರಜೆಯು ದಯೆಯೆನಿಸುವುದನ್ನು ಬಿಟ್ಟು ಕಾಯದೆಯೆನಿಸಿದ್ದು ಅಂದೇ. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತದಲ್ಲಿಯೇ ಇದ್ದುವೆಂಬುದನ್ನು ನೆನೆದರೆ, ಈ ಶಾಸನ ನಮ್ಮ ಚರಿತ್ರೆಯ ಭಾಗವೂ ಹೌದು. ಅನಂತರ ಇತರ ಪ್ರಾಂತಗಳೂ ಇದೇ ಹಾದಿ ಹಿಡಿದುವು. ಮೈಸೂರು ಸಂಸ್ಥಾನವೂ 1937ರಲ್ಲಿ ಇಂಥ ಕಾಯದೆಯನ್ನು ಮಾಡಿತು.

ಇತ್ತ ಮುಂಬಯಿಯ ಗಿರಣಿಗಳಲ್ಲಿ ಮುಷ್ಕರಗಳ ಕಾಲ ನಡೆದಿತ್ತು. 1925ರಲ್ಲಿ ಗಿರಣಿ ಮಾಲಿಕರು ಪಗಾರದಲ್ಲಿ ನೂರಕ್ಕೆ ಹನ್ನೊಂದೂವರೆಯಷ್ಟು ಕಡಿತ ಮಾಡಹೊರಟಾಗ ದೊಡ್ಡ ಮುಷ್ಕರವಾಗಿ, ಕೊನೆಗೆ ಕಡಿತ ನಿಂತಿತು. ಆ ಅನುಭವದಿಂದ 1926ರ ಜನವರಿಯಲ್ಲಿ ಬಾಂಬೆ ಟೆಕ್ಸ್‌ಟೈಲ್ ಲೇಬರ್ ಯೂನಿಯನ್ ಸ್ಥಾಪನೆಯಾಯಿತು. ಜೋಶಿಯವರು ಅದರ ಅಧ್ಯಕ್ಷರಾದರು. 1928ರಲ್ಲಿ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಆರು ತಿಂಗಳು ಗಿರಣಿಗಳ ಭೋಂಗಾ ಮೌನವಾಗಿತ್ತು. ಜೋಶಿಯವರು ಸೌಮ್ಯ ಮಾರ್ಗದವರು. ಎದುರು ಪಕ್ಷದಲ್ಲಿದ್ದ ಕಮ್ಯುನಿಸ್ಟರು ಉಗ್ರ ಮಾರ್ಗದವರು. ಆದರೂ ಕಾಮಗಾರರ ಅನ್ನದ ಪ್ರಶ್ನೆ ಬಂದಾಗ ಎರಡೂ ಪಂಗಡಗಳು ಸೇರಿ ಸಂಯುಕ್ತ ಮುಷ್ಕರ ಸಮಿತಿಯಲ್ಲಿ ಕುಳಿತು ಕೆಲಸ ಮಾಡಿದುವು.

ಈ ಐಕ್ಯ ಬಹಳ ದಿನ ಬಾಳಲಿಲ್ಲ. 1929ರಲ್ಲಿ ಬ್ರಿಟಿಷ್ ಸರಕಾರವು ಭಾರತದ ಕಾರ್ಮಿಕರ ಸ್ಥಿತಿಗತಿಗಳನ್ನು ಪರಿಶೀಲಿಸಲು ವಿಟ್ಲಿಯವರ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಶನ್ನನ್ನು ನೇಮಿಸಿತು. ಜೋಶಿಯವರು ಅದರ ಸದಸ್ಯರಾದರು. ಪರಕೀಯ ಸರಕಾರದ ಕಮಿಶನ್ನನ್ನು ಬಹಿಷ್ಕರಿಸಬೇಕೆಂಬ ಪಕ್ಷ ಬಲವಾಯಿತು. ಅದೇ ವರ್ಷ ನಾಗಪುರದಲ್ಲಿ ಜವಾಹರಲಾಲ ನೆಹರೂ ಅವರ ಅಧ್ಯಕ್ಷತೆಯಲ್ಲಿ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಅಧಿವೇಶನ ನಡೆದಾಗ ಸಂಸ್ಥೆ ಒಡೆಯಿತು. ತಾವೇ ನೆಟ್ಟು ಬೆಳೆಸಿದ ಗಿಡದ ನೆರಳನ್ನು ಬಿಟ್ಟು ಜೋಶಿಯವರು ಸಂಗಡಿಗರೊಡನೆ ಹೊರನಡೆದು ಬೇರೊಂದು ಸಂಘಟನೆ ಕಟ್ಟಬೇಕಾಯಿತು. ದೇಶವೆಲ್ಲ ಸ್ವರಾಜ್ಯದ ಆವೇಶದಲ್ಲಿದ್ದಾಗ ಕಮಿಶನ್ನಿನ ಮೇಜಿನ ಮುಂದೆ ಕೂಡುವವನನ್ನು ಹೊಗಳುವವರು ಕಡಿಮೆ. ಈ ವಿಷಯದಲ್ಲಿ ಅವರನ್ನು ಟೀಕಿಸಿದವರ ದೇಶಭಕ್ತಿಯನ್ನು ಸಂಶಯಿಸುವಂತಿಲ್ಲ. ಆದರೆ 1931ರಲ್ಲಿ ಹೊರಬಿದ್ದ ಆ ಕಮಿಶನ್ನಿನ ವರದಿಯು ಹೆರಿಗೆ ಸಹಾಯದ ಕಾಯದೆಯನ್ನು ಭಾರತದಾದ್ಯಂತ ತರಬೇಕೆಂದು ಶಿಫಾರಸು ಮಾಡಿತೆಂಬುದನ್ನೂ ಮರೆಯುವಂತಿಲ್ಲ. ಆರು ವರ್ಷಗಳ ಹಿಂದೆ ಬಿದ್ದುಹೋದ ಮಸೂದೆಯ ವಿಚಾರವನ್ನು ಸರಕಾರ ನೇಮಿಸಿದ ಕಮಿಶನ್ನೇ ಎತ್ತಿ ಹಿಡಿಯಿತು. ಒಡೆದ ಮನೆಯೂ ಕ್ರಮೇಣ ಕೂಡಿಕೊಂಡಿತು. 1940ರಲ್ಲಿ ಐಕ್ಯ ಪೂರ್ಣವಾದಾಗ ಜೋಶಿಯವರನ್ನೇ ಮತ್ತೆ ಪ್ರಧಾನ ಕಾರ್ಯದರ್ಶಿಯನ್ನಾಗಿ ಆರಿಸಿದರು. 1948ರವರೆಗೆ ಅವರು ಆ ಭಾರ ಹೊತ್ತರು.

ಇನ್ನು ಸಂಬಳ ಸಹಿತ ವಾರ್ಷಿಕ ರಜೆಯ ವಿಷಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಆಡಳಿತ ಮಂಡಲಿಯಲ್ಲಿ ಜೋಶಿಯವರು ಅನೇಕ ವರ್ಷ ಕೆಲಸ ಮಾಡಿದರು. ಆ ಸಂಸ್ಥೆ 1936ರಲ್ಲಿ, ಒಂದು ವರ್ಷ ದುಡಿದವನಿಗೆ ಕನಿಷ್ಠ ಆರು ದಿನ ಸಂಬಳ ಸಹಿತ ರಜೆ ಕೊಡಬೇಕೆಂಬ ಒಪ್ಪಂದವನ್ನು ಮಾಡಿತು. ಭಾರತದಲ್ಲಿ ಅದು ಕಾಯದೆಯಾಗಲು ಇನ್ನೂ ಒಂಬತ್ತು ವರ್ಷ ಹಿಡಿಯಿತು. ಡಾಕ್ಟರ್ ಅಂಬೇಡಕರರು ವೈಸರಾಯರ ಮಂತ್ರಿಮಂಡಲದಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದಾಗ, 1945ರಲ್ಲಿ, ಕಾರ್ಖಾನೆ ಕಾಯದೆಗೆ ತಿದ್ದುಪಡಿಯಾಗಿ ಹನ್ನೆರಡು ತಿಂಗಳು ಸತತವಾಗಿ ದುಡಿದ ಪ್ರಾಪ್ತವಯಸ್ಕನಿಗೆ ಹತ್ತು ದಿನ, ಬಾಲಕಾರ್ಮಿಕನಿಗೆ ಹದಿನಾಲ್ಕು ದಿನ ಸಂಬಳ ಸಹಿತ ರಜೆ ದೊರಕಿತು. ಮರುವರ್ಷ ಕೆಲಸದ ವಾರ 48 ಗಂಟೆಗೆ ಇಳಿಯಿತು. ವಾಷಿಂಗ್ಟನ್ನಿನಲ್ಲಿ ಜೋಶಿಯವರ ಕಣ್ಣೆದುರಿನಲ್ಲಿಯೇ ಭಾರತಕ್ಕೆ ನಿರಾಕರಿಸಿದ್ದ ಆ 48 ಗಂಟೆ ಕೈಗೂಡಲು ಇಪ್ಪತ್ತೇಳು ವರ್ಷ ಬೇಕಾದುವು. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯದೆಯು ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದಂತೆ ರಜೆಯ ಲೆಕ್ಕವನ್ನು ಗೊತ್ತುಪಡಿಸಿತು.

ಊರು ಬಿಟ್ಟು ಬಂದ ನಮಗೆ ಈ ರಜೆಯ ಬೆಲೆ ಸ್ಥಳೀಯರಿಗಿಂತ ಹೆಚ್ಚು ಗೊತ್ತು. ಇಲ್ಲಿಯವನಿಗೆ ರಜೆಯೆಂದರೆ ವಿಶ್ರಾಂತಿ. ನಮಗೆ ರಜೆಯೆಂದರೆ ಊರು. ಕೊಂಕಣ ರೈಲು 1998ರಲ್ಲಿ ಪೂರ್ಣವಾಗುವ ಮೊದಲು ಕರಾವಳಿಯವರು ಹಡಗಿನಲ್ಲಿಯೋ ಬಸ್ಸಿನಲ್ಲಿಯೋ ಹೋಗಬೇಕಾಗಿತ್ತು. ಹೋಗಿ ಬರುವ ದಾರಿಯಲ್ಲಿಯೇ ಹತ್ತು ದಿನದ ರಜೆಯ ದೊಡ್ಡ ಪಾಲು ಕರಗುತ್ತಿತ್ತು. ಉಳಿದ ದಿನಗಳಲ್ಲಿ ದೈವದ ಕೋಲ, ತಂಗಿಯ ಮದುವೆ, ಗದ್ದೆಯ ಗೇಣಿ, ತಂದೆಯ ತಿಥಿ ಎಲ್ಲವನ್ನೂ ಮುಗಿಸಬೇಕು. ವಿಕ್ರೋಳಿ, ಭಾಂಡುಪ, ಮುಲುಂಡದ ಕಾರ್ಖಾನೆಗಳಲ್ಲಿ ದುಡಿದ ನಮ್ಮವರು ವರ್ಷವಿಡೀ ಒಂದೊಂದು ದಿನವನ್ನು ಕೂಡಿಟ್ಟು ಊರಿಗೆ ಹೋಗುತ್ತಿದ್ದುದು ಇದೇ ಕಾಯದೆಯ ಬಲದಿಂದ.

ಹೋಟೆಲು ಮತ್ತು ಅಂಗಡಿಗಳಲ್ಲಿ ದುಡಿದವರ ಕಥೆ ಬೇರೆ. ಕಾರ್ಖಾನೆ ಕಾಯದೆ ಅವರನ್ನು ಮುಟ್ಟಲಿಲ್ಲ. ಅವರಿಗಾಗಿ ಮುಂಬಯಿ ಪ್ರಾಂತವು 1939ರಲ್ಲಿ ಅಂಗಡಿ ಮತ್ತು ಸಂಸ್ಥೆಗಳ ಕಾಯದೆಯನ್ನು ಮಾಡಿತು. 1948ರಲ್ಲಿ ಅದರ ಬದಲು ಇನ್ನೂ ವಿಸ್ತಾರವಾದ ಕಾಯದೆ ಬಂದು, ವಾರದ ರಜೆಯೊಂದಿಗೆ ಸಂಬಳ ಸಹಿತ ರಜೆಯನ್ನೂ ವಿಧಿಸಿತು. ಕಾಯದೆಯ ಪುಸ್ತಕದಲ್ಲಿ ಬರೆದುದೆಲ್ಲ ಅಡುಗೆಮನೆಯ ಹುಡುಗನವರೆಗೆ ಇಳಿಯಿತೆಂದು ಹೇಳುವುದು ಸತ್ಯವಾಗಲಾರದು. ಧಣಿಯೂ ನಮ್ಮವರೇ, ಕ್ಲೀನರ್ ಹುಡುಗನೂ ನಮ್ಮವನೇ ಆದಾಗ ರಜೆಯನ್ನು ಹಕ್ಕೆಂದು ಕೇಳಲು ಹುಡುಗನಿಗೆ ಸಂಕೋಚ. ಕೊಟ್ಟರೆ ಅದು ಉಪಕಾರವೆಂದು ಧಣಿಯ ಭಾವನೆ. ಊಟ, ವಸತಿ, ಊರಿಗೆ ಹೋಗುವಾಗ ಕೈಗೆ ಒಂದಿಷ್ಟು ಹಣ ಕೊಟ್ಟು ಮಗನಂತೆ ನೋಡಿಕೊಂಡ ಧಣಿಗಳು ಅನೇಕರಿದ್ದರು. ಅವರನ್ನು ಕೃತಜ್ಞತೆಯಿಂದ ನೆನೆಯೋಣ. ಆದರೆ ಒಳ್ಳೆಯ ಧಣಿ ಸಿಕ್ಕಿದವನಿಗೆ ರಜೆ, ಸಿಗದವನಿಗೆ ಇಲ್ಲ ಎಂಬಂತಾಗಬಾರದೆಂದೇ ಜೋಶಿಯವರಂಥವರು ಕಾಯದೆಗಾಗಿ ಹೆಣಗಿದರು.

ಹೆರಿಗೆ ರಜೆಯ ಕಥೆಗೂ ಇನ್ನೊಂದು ಮುಖವಿದೆ. 1929ರ ಕಾಯದೆಯು ಹಣ ಕೊಡುವ ಭಾರವನ್ನು ಪೂರ್ತಿಯಾಗಿ ಮಾಲಿಕನ ಮೇಲೆ ಹಾಕಿತು. ಹಾಗಾದರೆ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳದಿದ್ದರೆ ಆಯಿತಲ್ಲ ಎಂದು ಲೆಕ್ಕ ಹಾಕುವ ಮಾಲಿಕರೂ ಹುಟ್ಟಿಕೊಂಡರು. ಮುಂದಿನ ದಶಕಗಳಲ್ಲಿ ಮುಂಬಯಿ ಗಿರಣಿಗಳಲ್ಲಿ ಹೆಂಗಸರ ಪಾಲು ಕುಗ್ಗುತ್ತ ಹೋಯಿತು. ಹೊಸ ಯಂತ್ರಗಳು, ರಾತ್ರಿ ಪಾಳಿಯಲ್ಲಿ ಸ್ತ್ರೀಯರಿಗಿದ್ದ ನಿಷೇಧ ಇವೂ ಕಾರಣಗಳಾದುದರಿಂದ ದೋಷವನ್ನೆಲ್ಲ ರಜೆಯ ಮೇಲೆ ಹೊರಿಸುವುದು ಸಲ್ಲ. ಆದರೆ ಭಾರವನ್ನು ಒಬ್ಬನೇ ಹೊರುವ ಬದಲು ಎಲ್ಲರೂ ಹಂಚಿಕೊಳ್ಳುವ ವಿಮೆಯೇ ಇದಕ್ಕೆ ಪರಿಹಾರವೆಂಬುದು ಸ್ಪಷ್ಟವಾಯಿತು. 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯದೆ ಬಂದಿತು. ಮಾಲಿಕನೂ ಕೆಲಸಗಾರನೂ ಪ್ರತಿ ತಿಂಗಳು ಕಟ್ಟುವ ವಂತಿಗೆಯ ನಿಧಿಯಿಂದ ಹೆರಿಗೆಗೂ ಕಾಯಿಲೆಗೂ ಹಣ ಸಿಗುತ್ತದೆ. ಆದುದರಿಂದ ಇಂಥ ಹೆಂಗಸನ್ನು ಇಟ್ಟುಕೊಂಡರೆ ಮಾಲಿಕನಿಗೆ ಬೇರೆ ಖರ್ಚಿಲ್ಲ. 1952ರ ಫೆಬ್ರವರಿಯಲ್ಲಿ ಕಾನಪುರ ಮತ್ತು ದಿಲ್ಲಿಯಲ್ಲಿ ಮೊದಲಾದ ಈ ಯೋಜನೆ 1954ರಲ್ಲಿ ಮುಂಬಯಿಗೆ ಬಂದಿತು. ಮುಲುಂಡದ ವಿಮಾ ಆಸ್ಪತ್ರೆ ನಮ್ಮ ಭಾಗದವರಿಗೆ ಪರಿಚಿತವೇ. ಗಿರಣಿಗಾಂವದ ತಾಯಿ ಹೆರಿಗೆಗೆ ರಜೆ ಹಾಕಿ ವಿಮೆಯ ಹಣ ಪಡೆಯುವ ದಿನವನ್ನು ಜೋಶಿಯವರು ಕಂಡರು. 1955ನೆಯ ಇಸವಿ ಮೇ 30ರಂದು, 76ನೆಯ ವರ್ಷ ತುಂಬಲು ಕೆಲವೇ ದಿನ ಉಳಿದಿರುವಾಗ, ಅವರು ತೀರಿಕೊಂಡರು.

ಅವರ ಮರಣಾನಂತರದ ಪ್ರಗತಿಯನ್ನು ಎರಡು ಮಾತಿನಲ್ಲಿ ಹೇಳಬಹುದು. 1924ರಲ್ಲಿ ಜೋಶಿಯವರು ಬಯಸಿದ್ದ ಸಮಗ್ರ ಭಾರತದ ಕಾಯದೆ 1961ರಲ್ಲಿ ಹೆರಿಗೆ ಸೌಲಭ್ಯ ಕಾಯದೆಯ ರೂಪದಲ್ಲಿ ಬಂದಿತು. ರಜೆ ಹನ್ನೆರಡು ವಾರ. ವಾಷಿಂಗ್ಟನ್ನಿನ ಅಳತೆಯನ್ನು ಮುಟ್ಟಲು ನಾಲ್ವತ್ತೆರಡು ವರ್ಷ ಬೇಕಾಯಿತು. 2017ರ ತಿದ್ದುಪಡಿ ಅದನ್ನು ಮೊದಲ ಎರಡು ಮಕ್ಕಳಿಗೆ 26 ವಾರಕ್ಕೆ ಏರಿಸಿತು. ಐವತ್ತು ಮತ್ತು ಅದಕ್ಕೂ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನ ಗೃಹವಿರಬೇಕೆಂದೂ ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ 26 ವಾರವನ್ನು ಉಳಿಸಿಕೊಂಡಿತು. ತಂದೆಯ ರಜೆಯೆಂಬ ಹೊಸ ವಿಚಾರವೂ ಬಂದಿದೆ. ಕೇಂದ್ರ ಸರಕಾರದ ನೌಕರನಿಗೆ ಮಗು ಹುಟ್ಟಿದಾಗ ಹದಿನೈದು ದಿನದ ರಜೆಯುಂಟು. ಖಾಸಗಿ ನೌಕರಿಯಲ್ಲಿ ಅದು ಆಯಾ ಕಂಪನಿಯ ಇಚ್ಛೆಗೆ ಬಿಟ್ಟದ್ದು. ಅತ್ತೆ-ತಾಯಿ ಊರಲ್ಲಿದ್ದು, ಎರಡು ಕೋಣೆಯ ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೇ ಇರುವ ವಲಸಿಗರ ಸಂಸಾರದಲ್ಲಿ ಆ ಹದಿನೈದು ದಿನದ ಬೆಲೆಯೇನೆಂದು ಹೇಳಬೇಕಾದುದಿಲ್ಲ.

ಆದರೆ ಜೋಶಿಯವರ ಕೆಲಸ ಮುಗಿಯಿತೆನ್ನುವಂತಿಲ್ಲ. ಭಾರ ಯಾರು ಹೊರಬೇಕೆಂಬ 1929ರ ಪ್ರಶ್ನೆಯೇ ಇಂದೂ ಇದೆ. ವಿಮಾ ಯೋಜನೆಯ ಹೊರಗಿರುವ ಕಚೇರಿಗಳಲ್ಲಿ 26 ವಾರದ ಸಂಬಳವನ್ನು ಮಾಲಿಕನೇ ಕೊಡಬೇಕು. ಹೊಸದಾಗಿ ಮದುವೆಯಾದ ಹೆಣ್ಣುಮಗಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯುವ ಮಾಲಿಕ ಇಂದಿಗೂ ಇದ್ದಾನೆ. ನಮ್ಮ ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕಿ, ಅಡಿಗೆ ಮಾಡಿಕೊಡುವ ಬಾಯಿಗೆ ಸಂಬಳ ಸಹಿತ ಹೆರಿಗೆ ರಜೆಯ ಹಕ್ಕಿಲ್ಲ. ಅವಳು ಹೆರಿಗೆಗೆ ಹೋದರೆ ಬೇರೊಬ್ಬಳನ್ನು ಹುಡುಕಿಕೊಂಡು ಸುಮ್ಮನಿರುವವರು ನಾವೇ. ಅವಳ ಮಟ್ಟಿಗೆ ಗಿರಣಿಯ ಮಾಲಿಕನೂ ನಾವೇ, 1925ರ ಶಾಸನಸಭೆಯೂ ನಾವೇ.

ನಮ್ಮ ಸಂಘಗಳ ಸಭೆ, ಯಕ್ಷಗಾನ, ಮಕ್ಕಳ ಕನ್ನಡ ತರಗತಿ ಎಲ್ಲವೂ ಭಾನುವಾರ ನಡೆಯುವುದು ಯಾರೋ ಆ ಭಾನುವಾರವನ್ನು ದುಡಿದು ಗಳಿಸಿಕೊಟ್ಟದ್ದರಿಂದ. ಅಂಥವರನ್ನು ನೆನೆಯುವುದು ನಮ್ಮ ಕರ್ತವ್ಯ. ಮನೆಗೆಲಸದ ಬಾಯಿಗೆ ಹೆರಿಗೆಯ ಎರಡು ತಿಂಗಳ ಸಂಬಳ, ಊರಿಗೆ ಹೋಗುವ ಹೋಟೆಲ್ ಹುಡುಗನಿಗೆ ಕೇಳುವ ಮೊದಲೇ ರಜೆಯ ಪಗಾರ, ಇಷ್ಟನ್ನು ನಮ್ಮ ಕನ್ನಡ ಬಂಧುಗಳು ತಮ್ಮ ತಮ್ಮ ಮನೆ ಮತ್ತು ಅಂಗಡಿಗಳಲ್ಲಿ ನಡೆಸಿಕೊಟ್ಟರೆ, ನಾ. ಮ. ಜೋಶಿ ಎಂಬ ಹೆಸರು ರಸ್ತೆಯ ಹಲಗೆಯಿಂದ ಇಳಿದು ನಮ್ಮ ನಡುವೆ ಬಾಳೀತು.